ಹೆತ್ತವರ ಮನೆಯನ್ನು ಮಾರುವ ಮಾತು: ಒಡಹುಟ್ಟಿದವರ ವ್ಯಾಜ್ಯದ ಹಿನ್ನೆಲೆ

ಹೆತ್ತವರು ತೀರಿಕೊಂಡ ಮೇಲೆ ಒಡಹುಟ್ಟಿದವರ ನಡುವೆ ಏಳುವ ವ್ಯಾಜ್ಯದಲ್ಲಿ, ಯಾರಿಗೆ ಎಷ್ಟು ಪಾಲು ಎಂಬುದು ಇತ್ಯರ್ಥವಾದ ನಂತರವೂ ಉಳಿಯುವ ಕಗ್ಗಂಟು ಒಂದಿದೆ: ಆಸ್ತಿಯನ್ನು ಮಾರುವುದೋ, ಉಳಿಸಿಕೊಳ್ಳುವುದೋ? ಸಾಲ ತೀರಿಸಬೇಕಾದ ತಮ್ಮನಿಗೆ ಹಣ ಈಗಲೇ ಬೇಕು. ತಾಯಿಯ ಕೊನೆಗಾಲದಲ್ಲಿ ಅದೇ ಮನೆಯಲ್ಲಿದ್ದು ಆರೈಕೆ ಮಾಡಿದ ಅಕ್ಕನಿಗೆ ಆ ಮನೆ ಬಿಟ್ಟರೆ ಬೇರೆ ಸೂರಿಲ್ಲ. ಇಬ್ಬರ ಪಾಲೂ ಸಮ, ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಕಾನೂನು ಈ ಇಕ್ಕಟ್ಟನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಂಡಿತ್ತಾದರೂ, ಪಾಲು ಪಡೆದು ಹೊರಡುವವರಿಗೆ ಕೊಟ್ಟಷ್ಟು ಗಮನವನ್ನು ಉಳಿಯಬಯಸುವವರಿಗೆ ಬಹುಕಾಲ ಕೊಡಲಿಲ್ಲ.

ಪ್ರಾಚೀನ ರೋಮ್‌ನಲ್ಲಿ ತಂದೆಯ ಮರಣಾನಂತರ ಮಕ್ಕಳು ಆಸ್ತಿಯನ್ನು ಒಡೆಯದೆ ಇಟ್ಟುಕೊಳ್ಳುವ ಪದ್ಧತಿಯಿತ್ತು, ಅವರಲ್ಲಿ ಒಬ್ಬ ಮಾಡಿದ ಪರಭಾರೆಗೆ ಎಲ್ಲರೂ ಬದ್ಧರಾಗುತ್ತಿದ್ದರು. ಕ್ರಿ.ಪೂ. 450ರ ಸುಮಾರಿನ, ರೋಮ್‌ನ ಮೊದಲ ಲಿಖಿತ ಕಾನೂನಾದ ಹನ್ನೆರಡು ಫಲಕಗಳು, ವಿಭಾಗವನ್ನು ಅಂದರೆ ಆಸ್ತಿಯನ್ನು ಪಾಲು ಮಾಡಿಕೊಡುವುದನ್ನು ಕೇಳುವ ದಾರಿಯನ್ನು ವಾರಸುದಾರರಿಗೆ ತೆರೆದವು. ಹೋಳಾಗದ ವಸ್ತುವನ್ನು ಒಬ್ಬನಿಗೆ ಕೊಟ್ಟು ಉಳಿದವರ ಪಾಲಿನ ಹಣವನ್ನು ಅವನಿಂದ ಕೊಡಿಸುವ ಅಧಿಕಾರ ನ್ಯಾಯಾಧೀಶನಿಗಿತ್ತು. ಯಾರನ್ನೂ ಜಂಟಿ ಒಡೆತನದಲ್ಲೇ ಇರುವಂತೆ ಬಲವಂತಪಡಿಸುವಂತಿಲ್ಲ ಎಂಬುದನ್ನು 1804ರ ಫ್ರೆಂಚ್ ನಾಗರಿಕ ಸಂಹಿತೆಯ 815ನೆಯ ವಿಧಿ ಸ್ಪಷ್ಟ ಮಾತಿನಲ್ಲಿ ಬರೆಯಿತು.

ಇಂಗ್ಲೆಂಡಿನಲ್ಲಿ ಜಂಟಿ ಒಡೆಯರಿಗೆ ವಿಭಾಗ ಕೇಳುವ ಹಕ್ಕನ್ನು 1539 ಮತ್ತು 1540ರ ಕಾಯಿದೆಗಳು ವಿಸ್ತರಿಸಿದರೂ, ಆಸ್ತಿಯನ್ನು ಮಾರಿ ಹಣ ಹಂಚುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಇದ್ದದ್ದು ಒಂದೇ ಮನೆಯಾದರೆ ಅದನ್ನೇ ಹೋಳು ಮಾಡಬೇಕಿತ್ತು. 1803ರ ಒಂದು ಪ್ರಕರಣದಲ್ಲಿ, ಹೊಗೆಗೂಡುಗಳೆಲ್ಲವೂ, ಬೆಂಕಿಗೂಡುಗಳೆಲ್ಲವೂ, ಮನೆಗಿದ್ದ ಒಂದೇ ಮೆಟ್ಟಿಲಸಾಲೂ ಒಬ್ಬರ ಪಾಲಿಗೇ ಹೋಗಿವೆಯೆಂದು ಇನ್ನೊಬ್ಬರು ದೂರಿದರು. ಇದಕ್ಕಿಂತ ಮೇಲಾದ ವಿಭಾಗ ತಮಗೂ ತೋಚುತ್ತಿಲ್ಲವೆಂದು ನ್ಯಾಯಾಧೀಶ ಲಾರ್ಡ್ ಎಲ್ಡನ್ ಆ ಆಕ್ಷೇಪವನ್ನು ತಳ್ಳಿಹಾಕಿದರು. ಚಳಿ ಕಾಯಿಸಲು ಬೆಂಕಿಯಿಲ್ಲದ, ಮಹಡಿಗೆ ಹತ್ತಲು ಮೆಟ್ಟಿಲಿಲ್ಲದ ಆ ಪಾಲು ಕಾಗದದ ಮೇಲೆ ಎಷ್ಟೇ ಸರಿಯಿದ್ದರೂ ವಾಸಕ್ಕೆ ಒದಗುವಂಥದ್ದಲ್ಲ. ಮಾರಾಟಕ್ಕೆ ದಾರಿ ತೆರೆದದ್ದು 1868ರ ವಿಭಾಗ ಕಾಯಿದೆ: ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಪಾಲಿನವರು ಕೇಳಿದರೆ, ತಕ್ಕ ಕಾರಣವಿಲ್ಲದ ಹೊರತು ನ್ಯಾಯಾಲಯ ಮಾರಾಟಕ್ಕೆ ಆದೇಶಿಸಬೇಕಾಯಿತು.

ಭಾರತದ 1893ರ ವಿಭಾಗ ಕಾಯಿದೆ ಇದೇ ಮಾದರಿಯನ್ನು ತೆಗೆದುಕೊಂಡಿತು, ಆದರೆ ಅದರ ಮೂರನೆಯ ಕಲಂ ಒಂದು ಮುಖ್ಯವಾದ ಮಾತನ್ನು ಸೇರಿಸಿತು. ಒಬ್ಬರು ಮಾರಾಟ ಕೇಳಿದಾಗ ಉಳಿದ ಪಾಲುದಾರರು ಆ ಪಾಲನ್ನು ನ್ಯಾಯಾಲಯ ಕಟ್ಟಿಸಿದ ಬೆಲೆಗೆ ತಾವೇ ಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು ಇಲ್ಲಿದೆ, ಏಕೆಂದರೆ ಹೊರಡುವವರಿಗೆ ಹಣ ಸಿಗುತ್ತದೆ, ಉಳಿಯುವವರಿಗೆ ಮನೆ ಉಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಕಲಂ ಕೂಡ, ಮೊದಲ ವರ್ಗದ (ಮಕ್ಕಳು, ಹೆಂಡತಿ, ತಾಯಿ ಮೊದಲಾದ ಹತ್ತಿರದ) ವಾರಸುದಾರರಲ್ಲೊಬ್ಬರು ತಮ್ಮ ಪಾಲನ್ನು ಪರಭಾರೆ ಮಾಡಹೊರಟಾಗ ಉಳಿದವರಿಗೆ ಕೊಳ್ಳುವ ಆದ್ಯತೆಯನ್ನು ಕೊಟ್ಟಿತು. ಆದರೆ ಅದರ ಪಕ್ಕದಲ್ಲೇ ಇದ್ದ 23ನೆಯ ಕಲಂ, ಕುಟುಂಬದವರೇ ವಾಸಿಸುವ ಮನೆಯಲ್ಲಿ ಗಂಡುಮಕ್ಕಳು ಒಪ್ಪುವವರೆಗೆ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂದಿತ್ತು. ಮನೆಯನ್ನು ಉಳಿಸುವ ಹೆಸರಿನಲ್ಲಿ ಅಕ್ಕತಂಗಿಯರ ಬಾಯಿ ಕಟ್ಟಿದ ಈ ಅನ್ಯಾಯ ಸುಮಾರು ಐವತ್ತು ವರ್ಷ ನಡೆದು, 2005ರ ತಿದ್ದುಪಡಿಯಲ್ಲಷ್ಟೇ ರದ್ದಾಯಿತು.

ಕೊಳ್ಳುವ ಹಕ್ಕಿದ್ದರೂ ಬೆಲೆಯ ಜಗಳ ತಪ್ಪುವುದಿಲ್ಲ. ಮಾರುವವರಿಗೆ ಕಟ್ಟಿದ ಬೆಲೆ ಕಡಿಮೆಯೆನಿಸುತ್ತದೆ, ಕೊಳ್ಳುವವರಿಗೆ ಹೊಂದಿಸಲಾಗದಷ್ಟು ದೊಡ್ಡದಾಗುತ್ತದೆ. ಅಮೆರಿಕದಲ್ಲಿ, ವಾರಸುದಾರರ ಜಂಟಿ ಭೂಮಿ ಬಲವಂತದ ಹರಾಜಿನಲ್ಲಿ ಅಗ್ಗಕ್ಕೆ ಹೋಗಿ ಅನೇಕ ಕಪ್ಪುಜನರ ಕುಟುಂಬಗಳು ನೆಲ ಕಳೆದುಕೊಂಡ ಹಿನ್ನೆಲೆಯಲ್ಲಿ, 2010ರಲ್ಲಿ ಸಿದ್ಧವಾದ ಮಾದರಿ ಕಾಯಿದೆಯೊಂದು ಮೊದಲು ಮೌಲ್ಯಮಾಪನ, ಆಮೇಲೆ ಉಳಿದವರಿಗೆ ಕೊಳ್ಳಲು ಒಪ್ಪುವುದಕ್ಕೆ 45 ದಿನ, ಕೊನೆಗೆ ಬೇರೆ ದಾರಿಯಿಲ್ಲದಿದ್ದರೆ ಮುಕ್ತ ಮಾರುಕಟ್ಟೆಯ ಮಾರಾಟ ಎಂಬ ಕ್ರಮವನ್ನು ಇಟ್ಟಿತು.

ಅಕ್ಕನ ಆರೈಕೆಯ ವರ್ಷಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ. ಆದರೆ ಜರ್ಮನಿಯ ನಾಗರಿಕ ಸಂಹಿತೆಯ 2057ಎ ವಿಧಿಯಲ್ಲಿ, ಹೆತ್ತವರನ್ನು ದೀರ್ಘಕಾಲ ನೋಡಿಕೊಂಡ ಮಗ ಅಥವಾ ಮಗಳು ಪಾಲು ಹಂಚುವಾಗ ಅದಕ್ಕೆ ಪರಿಹಾರ ಕೇಳಬಹುದು. ಆರೈಕೆಗಾಗಿ ತನ್ನ ದುಡಿಮೆಯ ಆದಾಯವನ್ನು ಬಿಟ್ಟುಕೊಟ್ಟಿರಲೇಬೇಕೆಂಬ ಷರತ್ತನ್ನು ಅಲ್ಲಿ 2010ರಲ್ಲಿ ತೆಗೆದುಹಾಕಿದರು.