ನಾಯಿಗೆ ಶಾಕ್ ಕೊಟ್ಟಿದ್ದು ಯಾರು?

ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಮನೆ ಮುಂದೆ ಬೇಲಿ ಹಾಕುವಂತಿಲ್ಲ. ನಿವಾಸಿಗಳ ಸಂಘದ ನಿಯಮ ಹಾಗಿರುತ್ತದೆ. ಹುಲ್ಲುಹಾಸು ನೇರವಾಗಿ ರಸ್ತೆಯವರೆಗೂ ಹಬ್ಬಿರುತ್ತದೆ. ಅಂಥ ಅಂಗಳದಲ್ಲಿ ಓಡಿಬಂದ ನಾಯಿ, ಇನ್ನೇನು ರಸ್ತೆಗೆ ಇಳಿಯಬೇಕು ಅನ್ನುವಾಗ ತಟ್ಟನೆ ನಿಂತು ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಹುಲ್ಲಿನಡಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ತೆಳ್ಳನೆಯ ತಂತಿಯೊಂದನ್ನು ಹೂತಿರುತ್ತಾರೆ, ಅಷ್ಟೇ. ರಿಚರ್ಡ್ ಪೆಕ್ ಎಂಬಾತ 1973ರಲ್ಲಿ ಈ ಉಪಾಯಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ.

ನಮ್ಮ ಕಾಡಂಚಿನ ತೋಟಗಳ ಸೋಲಾರ್ ಬೇಲಿ ನೋಡಿದವರು ಇದೂ ಹಾಗೇ ಇರಬೇಕು ಅಂದುಕೊಳ್ಳಬಹುದು. ಹಾಗಲ್ಲ. ಸೋಲಾರ್ ಬೇಲಿಯಲ್ಲಿ ತಂತಿಯೇ ಹೊಡೆಯುತ್ತದೆ. ನಾಯಿ ಬೇಲಿಯ ತಂತಿ ಯಾರಿಗೂ ಶಾಕ್ ಕೊಡುವುದಿಲ್ಲ. ಶಾಕ್ ಕೊಡುವ ಸಾಮಾನು ಇರುವುದು ನಾಯಿಯ ಕೊರಳಪಟ್ಟಿಯಲ್ಲಿ.

ಮನೆಯೊಳಗಿನ ಒಂದು ಸಣ್ಣ ಪೆಟ್ಟಿಗೆಯಿಂದ ತಂತಿ ಹೊರಟು, ಅಂಗಳವನ್ನೆಲ್ಲ ಸುತ್ತಿ, ಮತ್ತೆ ಅದೇ ಪೆಟ್ಟಿಗೆಗೆ ಬಂದು ಸೇರುತ್ತದೆ. ಅದರಲ್ಲಿ ಹರಿಯುವುದು ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ದುರ್ಬಲ ಕರೆಂಟು. ಕರೆಂಟು ಹರಿಯುವಲ್ಲೆಲ್ಲ ಸುತ್ತ ಕಾಂತಕ್ಷೇತ್ರ ಇರುತ್ತದೆ. ಕರೆಂಟು ದಿಕ್ಕು ಬದಲಿಸಿದ ಹಾಗೆ ಅದೂ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರದೊಳಗೆ ತಂತಿಯ ಸುರುಳಿ ಇಟ್ಟರೆ ಅದರಲ್ಲಿ ಕರೆಂಟು ಹುಟ್ಟುತ್ತದೆ ಎಂದು 1831ರಲ್ಲೇ ಫ್ಯಾರಡೆ ತೋರಿಸಿದ್ದ. ಕೊರಳಪಟ್ಟಿಯಲ್ಲಿರುವುದು ಅಂಥದೇ ಪುಟ್ಟ ಸುರುಳಿ. ತಂತಿಗೆ ಹತ್ತಿರ ಬಂದಷ್ಟೂ ಸಿಗ್ನಲ್ ಜೋರಾಗುತ್ತದೆ. ಒಂದು ಮಟ್ಟ ದಾಟಿದರೆ ಪಟ್ಟಿ ಬೀಪ್ ಅನ್ನುತ್ತದೆ. ನಾಯಿ ಇನ್ನೂ ಮುಂದೆ ಹೋದರೆ ಕುತ್ತಿಗೆಗೆ ತಾಗಿರುವ ಎರಡು ಲೋಹದ ಮೊಳೆಗಳ ನಡುವೆ ಚುರುಕ್ ಎನ್ನುವ ಶಾಕ್ ಹೊಡೆಯುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಜಾಣತನ ಬೇರೆ ಕಡೆ ಇದೆ. ಮನೆಯಿಂದ ಗಡಿಯವರೆಗೆ ಹೋಗುವ ಮತ್ತು ವಾಪಸ್ ಬರುವ ಎರಡು ಎಳೆಗಳನ್ನು ಒಂದಕ್ಕೊಂದು ಹುರಿಗೊಳಿಸಿರುತ್ತಾರೆ. ಎರಡರಲ್ಲೂ ಕರೆಂಟು ಎದುರುಬದುರು ಹರಿಯುವುದರಿಂದ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಆ ಜಾಗದಲ್ಲಿ ನಾಯಿ ಆರಾಮಾಗಿ ತಂತಿಯ ಮೇಲೇ ಓಡಾಡಬಹುದು. ಹುರಿ ಬಿಚ್ಚಿಕೊಳ್ಳುವಲ್ಲಿಂದ ಗಡಿ ಶುರು.

ಇಷ್ಟೆಲ್ಲ ಭೌತವಿಜ್ಞಾನದ ಮಾತಾಯಿತು. ನಾಯಿಗೆ ಇದರಲ್ಲಿ ಒಂದೂ ಗೊತ್ತಿಲ್ಲ ಅಲ್ವಾ? ಕುತ್ತಿಗೆಗೆ ಏನೋ ಚುಚ್ಚಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಚುಚ್ಚಿದ್ದು ಯಾರು, ಯಾಕೆ ಎನ್ನುವುದನ್ನು ಅದೇ ಊಹಿಸಿಕೊಳ್ಳಬೇಕು. ಈ ಬೇಲಿ ಕೆಲಸ ಮಾಡುವುದೂ ಕೈಕೊಡುವುದೂ ಆ ಊಹೆಯ ಮೇಲೆ ನಿಂತಿದೆ.

ಆ ಹೊತ್ತಿಗೆ ರಸ್ತೆಯಲ್ಲಿ ಸೈಕಲ್ ಮೇಲೆ ಒಂದು ಮಗು ಹೋಗುತ್ತಿತ್ತು ಅಂತಿಟ್ಟುಕೊಳ್ಳಿ. ನಾಯಿ ಮಗುವನ್ನು ನೋಡುತ್ತಾ ಬಾಲ ಅಲ್ಲಾಡಿಸಿಕೊಂಡು ಓಡುತ್ತದೆ, ಶಾಕ್ ಹೊಡೆಯುತ್ತದೆ. ನೋವಿನ ಕಾರಣ ಹುಲ್ಲಿನಡಿ ಇದೆ ಎಂದು ಅದಕ್ಕೆ ಹೊಳೆಯುವುದು ಹೇಗೆ? ಎದುರಿಗೆ ಕಂಡದ್ದು ಮಗು. ಇನ್ನು ಮೇಲೆ ಮಕ್ಕಳು ಕಂಡರೆ ಅದು ಗುರ್ ಅನ್ನಬಹುದು. ಇದು ಸುಮ್ನೆ ಹೇಳುವ ಮಾತಲ್ಲ. ಇಂಥ ಬೇಲಿಯ ವ್ಯವಸ್ಥೆಯಲ್ಲಿದ್ದ ಐದು ನಾಯಿಗಳು ಜನರ ಮೇಲೆ ಎರಗಿದ ಪ್ರಕರಣಗಳನ್ನು ರಿಚರ್ಡ್ ಪೋಲ್ಸ್ಕಿ 2000ದಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ವಿವರಿಸಿದ್ದರು.

ಅದಕ್ಕೇ ತರಬೇತಿ ಬೇಕು. ಗಡಿಯುದ್ದಕ್ಕೂ ಸಣ್ಣ ಬಾವುಟ ನೆಟ್ಟು, ನಾಯಿಯನ್ನು ಹಗ್ಗದಲ್ಲಿ ಹಿಡಿದು ದಿನಾ ಸುತ್ತಿಸುತ್ತಾರೆ. ಬೀಪ್ ಬಂದ ಕೂಡಲೇ ಒಳಗೆ ಕರೆದು ತಿಂಡಿ ಕೊಡುತ್ತಾರೆ. ಮೊದಮೊದಲು ಶಾಕ್ ಇಲ್ಲದೆ ಬರೀ ಸದ್ದಿನಲ್ಲೇ ಅಭ್ಯಾಸ. ಸಾಮಾನ್ಯವಾಗಿ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನಾಯಿಗೆ ಕಾರಣ ಸಿಕ್ಕಿರುತ್ತದೆ: ಈ ಜಾಗ, ಈ ಸದ್ದು, ಹಿಂದೆ ತಿರುಗಿದರೆ ಏನೂ ಆಗಲ್ಲ. ತಂತಿ ಹೂತ ದಿನವೇ ಪಟ್ಟಿ ಕಟ್ಟಿ ನಾಯಿಯನ್ನು ಬಿಟ್ಟುಬಿಡುವುದು ಕ್ರೂರ ಕೆಲಸ ಎಂದೇ ನಾನು ಹೇಳುತ್ತೇನೆ.

ಒಮ್ಮೆ ಕಲಿತದ್ದು ಮಾತ್ರ ಗಟ್ಟಿ. ಮನೋವಿಜ್ಞಾನಿಗಳಾದ ರಿಚರ್ಡ್ ಸೊಲೊಮನ್ ಮತ್ತು ಲೈಮನ್ ವಿನ್ 1953ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಓದಲು ಕಷ್ಟವಾಗುವಂಥ ಪ್ರಯೋಗ ಅದು. ಸೂಚನೆ ಸಿಕ್ಕ ಕೂಡಲೇ ತಡೆಗೋಡೆ ಹಾರಿದರೆ ನಾಯಿಗೆ ಶಾಕ್ ತಪ್ಪುತ್ತಿತ್ತು. ಕಲಿತ ಮೇಲೆ ಶಾಕನ್ನು ಪೂರ್ತಿ ನಿಲ್ಲಿಸಿದರು. ನಾಯಿಗಳು ಮಾತ್ರ ಹಾರುತ್ತಲೇ ಇದ್ದವು. ಶಾಕ್ ಬರದೇ ಇರುವುದಕ್ಕೆ ತಾವು ಹಾರಿದ್ದೇ ಕಾರಣ ಎಂಬಂತೆ! ಪಟ್ಟಿಯ ಬ್ಯಾಟರಿ ಮುಗಿದರೂ ಕೆಲವು ನಾಯಿಗಳು ಗಡಿ ದಾಟದಿರುವುದು ಇದೇ ಕಾರಣಕ್ಕೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು, ವರ್ಷಕ್ಕೂ ಜಾಸ್ತಿ ಇಂಥ ಬೇಲಿಯೊಳಗಿದ್ದ ಬೆಕ್ಕುಗಳನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಬೇರೆ ಬೆಕ್ಕುಗಳಿಗಿಂತ ಅವುಗಳ ಬದುಕು ಕೆಟ್ಟಿದ್ದು ಅವರಿಗೆ ಕಾಣಲಿಲ್ಲ. ಸರಿಯಾಗಿ ಕಲಿತ ಪ್ರಾಣಿ ಶಾಕ್ ತನಕ ಹೋಗುವುದೇ ಅಪರೂಪ.

ಆದರೂ ಇದು ಗೋಡೆಯಲ್ಲ. ಅಮೆರಿಕದ ಓಹಿಯೋದಲ್ಲಿ ನಾಯಿ ಸಾಕಿದವರನ್ನು ಕೇಳಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಬಂತು. ಎಲೆಕ್ಟ್ರಾನಿಕ್ ಬೇಲಿಯೊಳಗಿದ್ದ ನಾಯಿಗಳಲ್ಲಿ ಶೇಕಡಾ 44 ತಪ್ಪಿಸಿಕೊಂಡಿದ್ದವು. ಕಣ್ಣಿಗೆ ಕಾಣುವ ಬೇಲಿಯಲ್ಲಿ ಆ ಪ್ರಮಾಣ ಶೇಕಡಾ 23. ಅಳಿಲಿನ ಬೆನ್ನು ಹತ್ತಿದ ನಾಯಿ ಶಾಕನ್ನೂ ಲೆಕ್ಕಿಸದೆ ದಾಟಿಬಿಡುತ್ತದೆ. ಆಮೇಲೆ ಮನೆಗೆ ಬರಬೇಕೆಂದರೆ ಮತ್ತೆ ಅದೇ ಶಾಕ್. ಬಿಸಿ ಇಳಿದ ಮೇಲೆ ಆ ಧೈರ್ಯ ಬರುವುದಿಲ್ಲ, ಹೊರಗೇ ಉಳಿಯುತ್ತದೆ. ಇತ್ತ ಬೀದಿ ನಾಯಿಗೆ ಪಟ್ಟಿ ಇಲ್ಲ, ಅದು ನೇರವಾಗಿ ಒಳಗೆ ನುಗ್ಗಬಹುದು. ನಮ್ಮೂರುಗಳಲ್ಲಿ ಇದು ಸಣ್ಣ ಮಾತಲ್ಲ. ಪಟ್ಟಿಯನ್ನು ದಿನವಿಡೀ ಬಿಗಿದಿಟ್ಟರೆ ಮೊಳೆ ಒತ್ತಿ ಕುತ್ತಿಗೆ ಹುಣ್ಣಾಗುವುದೂ ಉಂಟು.

ವೇಲ್ಸ್ 2010ರಲ್ಲೇ ಶಾಕ್ ಕೊಡುವ ಕೊರಳಪಟ್ಟಿಗಳನ್ನು ನಿಷೇಧಿಸಿತು. ಬೇಲಿಯ ಪಟ್ಟಿಗಳೂ ಅದರಲ್ಲಿ ಸೇರಿವೆ. ನಾನಾದರೆ ಮೊದಲು ನಿಜವಾದ ಬೇಲಿಯನ್ನೇ ಹಾಕುತ್ತೇನೆ. ಅದು ಸಾಧ್ಯವೇ ಇಲ್ಲದ ಕಡೆ ತಂತಿಯನ್ನು ಮನೆಯ ಹಿಂಬದಿಗೆ, ದಾರಿಹೋಕರಿಂದ ದೂರ ಹೂಳಬೇಕು. ಆಗ ಶಾಕ್ ಹೊಡೆದ ಕ್ಷಣದಲ್ಲಿ ನಾಯಿಯ ಕಣ್ಣೆದುರು ತಪ್ಪು ಹೊರಿಸಲು ಯಾರೂ ಇರುವುದಿಲ್ಲ.