ಎರೆ ಮಣ್ಣಿನ ಹಿತ್ತಲದಲ್ಲಿ ಹಿಂಗಾರಿ ಮಳೆ: ಗಿಡ ಹಳದಿಯಾದರೆ ಮೊದಲು ಏನು ಮಾಡಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿರಿ. ಮನಿ ಹಿಂದ 30 ಅಡಿ ಉದ್ದದ ಹಿತ್ತಲ ಐತಿ, ಪೂರಾ ಎರಿ ಮಣ್ಣು, ಅಂದ್ರ ಕಪ್ಪು ಮಣ್ಣು. ಜೂನ್‌ದಾಗ ಎಷ್ಟ ಮಳಿ ಆದ್ರೂ ಏನೂ ಆಗಂಗಿಲ್ಲ. ಹಸ್ತಿ, ಚಿತ್ತಿ ಮಳಿ ಹಿಡದ್ರ ಮಾತ್ರ ಮೂರು ದಿನ ನೀರು ನಿಲ್ಲತೈತಿ. ಮೆಣಸಿನಕಾಯಿ, ಬದನಿಕಾಯಿ ಗಿಡ ಹಳದಿ ಆಗಿ ಜೋತು ಬೀಳತಾವ. ಯೂರಿಯಾ ಹಾಕಿದ್ವಿ, ಮತ್ತಿಷ್ಟು ಕೆಟ್ಟವು. ಏನ್ ಮಾಡ್ಬೇಕ್ರಿ?

ಉತ್ತರ: ಮೊದಲು ಯೂರಿಯಾ ನಿಲ್ಲಿಸಿ. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಶುರುವಾದ ಮೇಲೆ ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ನೆಲದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಎಲೆ ಹಳದಿಯಾದದ್ದು ಕಂಡರೆ ಗಿಡಕ್ಕೆ ಹಸಿವಾಗಿದೆ ಎಂದುಕೊಂಡು ಗೊಬ್ಬರ ಸುರಿಯುತ್ತಾರೆ. ನೀರು ನಿಂತ ನೆಲದಲ್ಲಿ ಬೇರಿಗೆ ಉಸಿರು ಕಟ್ಟಿರುತ್ತದೆ, ಉಣ್ಣುವ ಬಾಯಿಯೇ ಮುಚ್ಚಿರುತ್ತದೆ. ಅಂಥ ಹೊತ್ತಿನಲ್ಲಿ ಹಾಕಿದ ಯೂರಿಯಾದಿಂದ ಬೇರು ಸುಡಬಹುದು. ಅದರಲ್ಲಿ ನೈಟ್ರೇಟ್ ಆಗಿ ಬದಲಾದ ಪಾಲು ಗಾಳಿಯಿಲ್ಲದ ಕೆಸರಿನಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ದುಡ್ಡೂ ಹೋಯಿತು, ಗಿಡವೂ ಹೋಯಿತು.

ಜೂನ್ ಮಳೆಗೆ ಆಗದ್ದು ಅಕ್ಟೋಬರ್ ಮಳೆಗೆ ಯಾಕೆ ಆಗುತ್ತದೆ ಎಂಬುದರಲ್ಲೇ ಉತ್ತರದ ಅರ್ಧ ಭಾಗ ಇದೆ. ಎರೆ ಮಣ್ಣಿನಲ್ಲಿರುವ ಜೇಡಿಯ ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆ ಮುಗಿಯುವಾಗ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ, ಮುಂಗಾರಿನ ನೀರು ಆ ಬಿರುಕಿನಲ್ಲೇ ನೇರ ಕೆಳಗಿಳಿಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿರುತ್ತವೆ. ಆಮೇಲೆ ಬಿದ್ದ ಮಳೆಗೆ ಇಳಿಯಲು ದಾರಿಯೇ ಇಲ್ಲ. ಮಣ್ಣಿನ ಸಂದಿಯಲ್ಲಿ ಗಾಳಿ ಇರಬೇಕಾದ ಜಾಗವನ್ನು ನೀರು ಹಿಡಿಯುತ್ತದೆ. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಒಂದೆರಡು ದಿನದಲ್ಲಿ ಬೇರಿನ ಸುತ್ತ ಇದ್ದ ಗಾಳಿ ತೀರುತ್ತದೆ. ಆಗ ಬೇರು ನೀರೆಳೆಯುವುದನ್ನು ಬಿಡುತ್ತದೆ, ಕಾಲಡಿಯಲ್ಲಿ ನೀರಿದ್ದರೂ ಗಿಡ ಬಾಡುತ್ತದೆ. ಬಿಸಿಲಿಗೆ ಬಾಡಿದ ಗಿಡದಂತೆಯೇ ಕಾಣುವುದರಿಂದ ಎಷ್ಟೋ ಮಂದಿ ಅದಕ್ಕೆ ಮತ್ತೆ ನೀರು ಹಾಕುತ್ತಾರೆ.

ಧಾರವಾಡದ ಪಶ್ಚಿಮ ಭಾಗದಲ್ಲಿ, ಕಲಘಟಗಿ ಕಡೆ ಕೆಂಪು ಮಣ್ಣು ಇರುವವರಿಗೆ ಈ ಕಾಟ ಕಡಿಮೆ. ಅಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡಿದರೆ ನಡೆಯುವುದಿಲ್ಲ.

ಹಳದಿಯಾದ ಗಿಡಗಳಲ್ಲಿ ಒಂದನ್ನು ಕಿತ್ತು ನೋಡಿ. ಒಂದು ಗಿಡ ಹೋದರೂ ಉಳಿದವುಗಳ ಸ್ಥಿತಿ ತಿಳಿಯುತ್ತದೆ. ಬೇರನ್ನು ನೀರಲ್ಲಿ ತೊಳೆದು ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವ ಇದೆ, ನೀರು ತೆಗೆದರೆ ಎಂಟು-ಹತ್ತು ದಿನದಲ್ಲಿ ಗಿಡ ಚೇತರಿಸಿಕೊಳ್ಳುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಸಿಪ್ಪೆ ಬೆರಳಿಗೆ ಜಾರಿ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಬೇರು ಕೊಳೆತಿದೆ. ಮಣ್ಣು ಗಟಾರದ ವಾಸನೆ ಹೊಡೆಯುತ್ತಿದ್ದರೆ ಇನ್ನೂ ತಡಮಾಡಬೇಡಿ. ಪಪ್ಪಾಯಿ ಎಲ್ಲಕ್ಕಿಂತ ಸೂಕ್ಷ್ಮ, ಎರಡು ದಿನ ನೀರು ನಿಂತರೆ ಉಳಿಯುವುದು ಕಷ್ಟ.

ಇನ್ನು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಬಹಳಷ್ಟು ಮನೆಗಳಲ್ಲಿ ಆಕಾಶದ ಮಳೆಗಿಂತ ಮಾಳಿಗೆಯ ಪೈಪಿನ ನೀರೇ ಹಿತ್ತಲವನ್ನು ಮುಳುಗಿಸುತ್ತದೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 1,000 ಚದರ ಅಡಿ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 40 ಮಿಲಿಮೀಟರ್ ಹೊಡೆದರೆ 3,700 ಲೀಟರ್ ನೀರು. ನಾಲ್ಕು ಪೈಪಿನಲ್ಲಿ ಒಂದು ಹಿತ್ತಲಕ್ಕೆ ಇಳಿದಿದ್ದರೂ ಸಾವಿರ ಲೀಟರ್ ಹತ್ತಿರ ಅದೊಂದು ಮೂಲೆಗೇ ಬೀಳುತ್ತದೆ. ಪೈಪಿಗೆ ಎಲ್ಬೋ ಕೂಡಿಸಿ, 4 ಇಂಚಿನ ಪಿವಿಸಿ ಪೈಪಿನಲ್ಲಿ ಅದನ್ನು ಮಳೆನೀರಿನ ಗಟಾರಕ್ಕೆ ಅಥವಾ ಟಾಕಿಗೆ ತಿರುಗಿಸಿ. ಶೌಚಾಲಯದ ಒಳಚರಂಡಿಗೆ ಮಾತ್ರ ಬಿಡಬೇಡಿ. ಜೋರು ಮಳೆಗೆ ಅದು ಉಕ್ಕಿ ಮನೆಯೊಳಗೇ ಬರುತ್ತದೆ. ಎಷ್ಟೋ ಹಿತ್ತಲಗಳ ತೊಂದರೆ ಈ ಒಂದು ಕೆಲಸಕ್ಕೇ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಸಲಿಕೆ ಹಿಡಿಯುವ ಮೊದಲು ಇದನ್ನು ಮುಗಿಸಿ.

ಆಮೇಲೆ ಬಸಿಗಾಲುವೆ. ನೀರು ನಿಂತಾಗ ಮಡಿಯೊಳಗೆ ಕಾಲಿಡಬೇಡಿ. ಒದ್ದೆ ಎರೆ ಮಣ್ಣನ್ನು ಒಮ್ಮೆ ತುಳಿದರೆ ಹಿಟ್ಟು ನಾದಿದ ಹಾಗೆ ಗಟ್ಟಿ ಕೂರುತ್ತದೆ, ಒಣಗಿದ ಮೇಲೆ ಇಟ್ಟಂಗಿಯಾಗುತ್ತದೆ, ಆ ಜಾಗದಲ್ಲಿ ಮುಂದಿನ ಬೇಸಿಗೆಯವರೆಗೂ ಬೇರು ಇಳಿಯುವುದಿಲ್ಲ. ಹೋಗಲೇಬೇಕಾದರೆ ಹಲಗೆ ಹಾಸಿ ಅದರ ಮೇಲೆ ನಿಲ್ಲಿ. ಕಾಂಪೌಂಡಿನ ಬದಿಯಿಂದ, ತಗ್ಗು ಇರುವ ಕಡೆಯಿಂದ ಅಗೆಯಲು ಶುರುಮಾಡಿ, ನೀರು ಹರಿದುಹೋಗುತ್ತಾ ನಿಮಗೆ ದಾರಿ ಬಿಡುತ್ತದೆ. ಕಾಲುವೆ 1 ಅಡಿ ಅಗಲ, 1 ಅಡಿ ಆಳ ಇರಲಿ. ಮನೆಯ ಪಾಯದಿಂದ ಕನಿಷ್ಠ 3 ಅಡಿ ದೂರ ಇರಲೇಬೇಕು, ಎರೆ ಮಣ್ಣು ನೆನೆದು ಉಬ್ಬಿದರೆ ಗೋಡೆಯೇ ಸೀಳುತ್ತದೆ.

ಇಳಿಜಾರು 10 ಅಡಿಗೆ 1 ಇಂಚು ಸಾಕು, ನಿಮ್ಮ 30 ಅಡಿ ಹಿತ್ತಲಕ್ಕೆ 3 ಇಂಚು. ಕಣ್ಣಂದಾಜಿನಲ್ಲಿ ಇದು ತಿಳಿಯುವುದಿಲ್ಲ. ಗೌಂಡಿಗಳು ಬಳಸುವ ಪಾರದರ್ಶಕ ಮಟ್ಟದ ಪೈಪು ತನ್ನಿ. ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಎರಡು ತುದಿಗೂ ಒಂದೊಂದು ಕೋಲು ನಿಲ್ಲಿಸಿ ನೀರಿನ ಗೆರೆ ಗುರುತು ಮಾಡಿ. ಎರಡೂ ಗುರುತಿನಿಂದ ಕಾಲುವೆಯ ತಳಕ್ಕೆ ಅಳೆದಾಗ ಹೊರಬಾಯಿಯ ಕಡೆ 3 ಇಂಚು ಹೆಚ್ಚು ಬರಬೇಕು. ನಡುವೆ ಒಂದು ಕಡೆ ತಗ್ಗಾದರೂ ಅಲ್ಲೇ ನೀರು ನಿಂತು ಸೊಳ್ಳೆ ಹುಟ್ಟುತ್ತವೆ.

ಹೊರಬಾಯಿಯದ್ದೇ ದೊಡ್ಡ ಸಮಸ್ಯೆಯಾಗುವುದುಂಟು. ಕಾಂಕ್ರೀಟ್ ರಸ್ತೆ ಹಾಕಿದ ಮೇಲೆ ರಸ್ತೆಯೇ ಹಿತ್ತಲಕ್ಕಿಂತ ಎತ್ತರ ಆಗಿರುತ್ತದೆ, ಕಾಂಪೌಂಡಿನ ಕಿಂಡಿ ಮುಚ್ಚಿರುತ್ತದೆ. ಅಂಥಲ್ಲಿ ಇಂಗುಗುಂಡಿ ತೋಡಿಸಿ ಎಂದು ಹೇಳುವವರಿದ್ದಾರೆ. ಕೆಂಪು ಮಣ್ಣಿಗೆ ಅದು ಒಳ್ಳೆಯದು. ಎರೆ ಮಣ್ಣಿನಲ್ಲಿ ಅಕ್ಟೋಬರಿನ ಹೊತ್ತಿಗೆ ಗುಂಡಿಯ ಗೋಡೆಯೂ ಉಬ್ಬಿ ಮುಚ್ಚಿರುತ್ತದೆ, ತುಂಬಿದ ನೀರು ಹಾಗೇ ನಿಲ್ಲುತ್ತದೆ. ಅದರ ಬದಲು ಅತಿ ತಗ್ಗಿನ ಮೂಲೆಯಲ್ಲಿ ಮೂರು ಅಡಿಯ ಚೌಕ ಗುಂಡಿ ತೆಗೆದು, ಕಾಲುವೆಯ ನೀರು ಅಲ್ಲಿ ಕೂಡುವಂತೆ ಮಾಡಿ, ಬಕೆಟ್ಟಿನಿಂದಲೋ ಸಣ್ಣ ಪಂಪಿನಿಂದಲೋ ಹೊರಗೆ ಹಾಕಿ. 3 ಅಡಿ ಆಳ ಇದ್ದರೆ ಸುಮಾರು 760 ಲೀಟರ್ ಹಿಡಿಯುತ್ತದೆ. ಮಕ್ಕಳಿರುವ ಮನೆಯಾದರೆ ಮೇಲೆ ಜಾಳಿಗೆ ಕಡ್ಡಾಯ.

ಮಳೆ ನಿಂತ ಮೇಲೆ ಹದ ಬರುವವರೆಗೆ ಕಾಯಬೇಕು. ನಾಲ್ಕು ಬೆರಳು ಆಳದಿಂದ ಒಂದು ಮುಷ್ಟಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಹಸಿ. ಪುಡಿಯಾಗಿ ಚದುರಿದರೆ ಹದ ಬಂದಿದೆ. ಕೈಗೆ, ಕುರ್ಪಿಗೆ ಮಣ್ಣು ಮೆತ್ತಿಕೊಳ್ಳುತ್ತಿದ್ದರೆ ವಾಪಸ್ ಬನ್ನಿ. ಬಿಸಿಲಿದ್ದರೆ ನಾಲ್ಕೈದು ದಿನ, ಮೋಡ ಇದ್ದರೆ ವಾರವೂ ಹಿಡಿಯುತ್ತದೆ. ಎರೆ ಮಣ್ಣಿನಲ್ಲಿ ಈ ಹದ ಎರಡು-ಮೂರು ದಿನ ಮಾತ್ರ ಇರುತ್ತದೆ, ತಪ್ಪಿದರೆ ಮಣ್ಣು ಕಲ್ಲಾಗುತ್ತದೆ. ಹದದಲ್ಲಿ ಮೇಲಿನ ಒಂದು ಇಂಚಿನಷ್ಟನ್ನು ಮಾತ್ರ ಕುರ್ಪಿಯಿಂದ ಕೆದಕಿ ಪದರ ಒಡೆಯಿರಿ. ಆಳ ಅಗೆದರೆ ಉಳಿದಿರುವ ಬೇರೂ ಹರಿಯುತ್ತದೆ.

ಈಗ ಗೊಬ್ಬರದ ಮಾತು. ಬೇರು ಇನ್ನೂ ಸೋತಿರುವುದರಿಂದ ಎಲೆಯ ಮೂಲಕವೇ ಕೊಡಬೇಕು. ಯಾವ ಎಲೆ ಹಳದಿ ಎಂದು ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿದ್ದರೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 5 ಗ್ರಾಂ ಕರಗಿಸಿ, ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಮೇಲಿನ ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಎರೆ ಮಣ್ಣಿನ ಸುಣ್ಣಕ್ಕೆ ನೀರೂ ಸೇರಿದಾಗ ಕಬ್ಬಿಣ ಗಿಡಕ್ಕೆ ಸಿಗುವುದಿಲ್ಲ. ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಮೊದಲು ಕರಗಿಸಿ, ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಕಿ, ಕೂಡಲೇ ಸಿಂಪಡಿಸಿ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ, ಅದು ಕೆಲಸಕ್ಕೆ ಬಾರದು. ಹತ್ತು ದಿನ ಬಿಟ್ಟು ಇನ್ನೊಮ್ಮೆ ಸಾಕು.

ಹಳದಿಯಾಗದೆ ಹಸಿರಾಗಿದ್ದಾಗಲೇ ಗಿಡ ಒಮ್ಮೆಗೇ ಜೋತು ಬಿದ್ದರೆ ಅದು ರೋಗವಿರಬಹುದು. ಮೆಣಸಿನ, ಬದನೆಯ ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ದುಂಡಾಣುವಿನಿಂದ ಬಂದ ಸೊರಗು ರೋಗ. ಆ ಗಿಡಕ್ಕೆ ಮದ್ದಿಲ್ಲ. ಬುಡದ ಮಣ್ಣಿನ ಸಮೇತ ಕಿತ್ತು ಹೊರಗೆ ಹಾಕಿ, ತಿಪ್ಪೆಗೆ ಹಾಕಬೇಡಿ. ಅದೇ ಜಾಗದಲ್ಲಿ ಎರಡು-ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಬಟಾಟೆ ಬೇಡ. ಬುಡದಲ್ಲಿ ಬಿಳಿ ನೂಲು, ಸಾಸಿವೆ ಕಾಳಿನಂಥ ಕಂದು ಗುಳಿಗೆ ಕಂಡರೆ ಅದು ಶಿಲೀಂಧ್ರ, ಆ ಗಿಡವನ್ನೂ ಹಾಗೆಯೇ ತೆಗೆಯಿರಿ. ಸುತ್ತಲಿನ ಗಿಡಗಳ ಬುಡಕ್ಕೆ ಮುಂಜಾಗ್ರತೆಗೆ ಟ್ರೈಕೋಡರ್ಮಾ ಕೊಡಿ, ಇದು ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ. 10 ಕಿಲೋ ಕಳಿತ ಸಗಣಿ ಗೊಬ್ಬರಕ್ಕೆ 100 ಗ್ರಾಂ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಹತ್ತು ದಿನ ಇಟ್ಟು, ಹದ ಬಂದ ಮೇಲೆ ಗಿಡಕ್ಕೆ ಒಂದೆರಡು ಮುಷ್ಟಿ ಹಾಕಿ. ಅದರ ಹಿಂದೆಮುಂದೆ ಹದಿನೈದು ದಿನ ತಾಮ್ರದ ಔಷಧ ಹಾಕಬಾರದು, ಅದು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.

ಮುಂದಿನ ವರ್ಷಕ್ಕೆ ಏರುಮಡಿಯೇ ಪರಿಹಾರ. 4 ಅಡಿಗಿಂತ ಅಗಲ ಬೇಡ, ಎರಡೂ ಬದಿಯಿಂದ ಕೈ ಎಟುಕಬೇಕು. ಎತ್ತರ 8ರಿಂದ 9 ಇಂಚು. ಬಸಿಗಾಲುವೆ ತೋಡಿದ ಮಣ್ಣನ್ನೇ ಏರಿಸಿ. ಮರಳು ಬೆರೆಸಬೇಡಿ. ನಾಲ್ಕು ಪುಟ್ಟಿ ಮರಳು ಎರೆ ಮಣ್ಣಿನಲ್ಲಿ ಮುಳುಗಿಹೋಗುತ್ತದೆ, ಗುಣ ಬದಲಾಗಬೇಕಾದರೆ ಅರ್ಧಕ್ಕರ್ಧ ಮರಳೇ ಬೇಕು. ಕಳಿತ ತಿಪ್ಪೆಗೊಬ್ಬರ ಇದಕ್ಕಿಂತ ಎಷ್ಟೋ ಮೇಲು. 10 ಅಡಿ ಉದ್ದ, 4 ಅಡಿ ಅಗಲದ ಮಡಿಗೆ 2 ಇಂಚು ಹರಡಲು ಐದಾರು ಸಿಮೆಂಟ್ ಚೀಲ ತುಂಬ ಗೊಬ್ಬರ ಬೇಕು. ಮೂರು ವರ್ಷ ಬಿಡದೆ ಹಾಕಿದರೆ ಮಣ್ಣು ಕೈಗೆ ಹಗುರ ಬರುತ್ತದೆ. ಜಿಪ್ಸಂ ಮಾತ್ರ ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚಿದೆ ಎಂದು ಬಂದರಷ್ಟೇ ಹಾಕಿ.

ಕುಂಡಗಳ ಕೆಲಸ ಚಿಕ್ಕದು. ಕೆಳಗಿನ ತಟ್ಟೆ ತೆಗೆಯಿರಿ, ಎರಡು ಇಟ್ಟಂಗಿಯ ಮೇಲೆ ಇಡಿ, ತೂತಿಗೆ ಕಡ್ಡಿ ಹಾಕಿ ಬಿಡಿಸಿ. ಕುಂಡಕ್ಕೆ ಎಂದೂ ಬರೀ ಎರೆ ಮಣ್ಣು ತುಂಬಬೇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು ಸರಿಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಹೋದವರು ಸಸಿ ತರದೆ ಬರುವುದು ಅಪರೂಪ. ತಂದ ಸಸಿಯನ್ನು ಅದೇ ವಾರ ನೆಲಕ್ಕೆ ನೆಡಬೇಡಿ. ಎರೆ ನೆಲದಲ್ಲಿ ತೋಡಿದ ಗುಂಡಿ ಮಳೆಗೆ ಬಾವಿಯಾಗುತ್ತದೆ. ಚೀಲದಲ್ಲೇ ನೆರಳಿನಲ್ಲಿಟ್ಟು, ಸ್ವಾತಿ ಮಳೆ ಮುಗಿಯುವ ನವೆಂಬರ್ ಮೊದಲ ವಾರ ದಾಟಿದ ಮೇಲೆ, ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ದಿಬ್ಬದ ಮೇಲೆ ನೆಡಿ. ಗುಲಾಬಿ ಕತ್ತರಿಸುವುದನ್ನೂ ಮಳೆ ಬಿಟ್ಟ ಮೇಲೇ ಇಟ್ಟುಕೊಳ್ಳಿ, ಹಸಿ ಗಾಯಕ್ಕೆ ಮಳೆನೀರು ತಾಗಿದರೆ ಕಡ್ಡಿ ತುದಿಯಿಂದ ಕರ್ರಗೆ ಒಣಗುತ್ತಾ ಕೆಳಗಿಳಿಯುತ್ತದೆ. ಬಳ್ಳೊಳ್ಳಿ ಊರುವುದು, ಮೆಂತೆ, ಕೊತ್ತಂಬರಿ ಬಿತ್ತುವುದು ಚಿತ್ತಿ ಮಳೆಯ ಜೋರು ಇಳಿದು ಹದ ಸಿಕ್ಕ ದಿನ, ಏರುಮಡಿಯ ಮೇಲೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ.

ಮಳೆ ಇರುವಾಗ ಗಿಡದ ಬುಡಕ್ಕೆ ಹೊದಿಕೆ ಹಾಕಿದ್ದರೆ ಸರಿಸಿಡಿ, ಅದು ಹಸಿಯನ್ನು ಹಿಡಿದಿಡುತ್ತದೆ, ಬಸವನಹುಳಕ್ಕೆ ಮನೆಯಾಗುತ್ತದೆ. ನವೆಂಬರಿನಲ್ಲಿ ಇದೇ ಮಣ್ಣು ಕುಗ್ಗಿ ಬಿರುಕು ಬಿಡಲು ಶುರುವಾದಾಗ, ಉಳಿದ ಬೇರನ್ನು ಆ ಬಿರುಕು ಹರಿಯುತ್ತದೆ. ಮೊದಲ ಕೂದಲೆಳೆಯ ಬಿರುಕು ಕಂಡ ದಿನವೇ ಮೇಲ್ಮಣ್ಣು ಕೆದಕಿ ಬಿರುಕು ಮುಚ್ಚಿ, ಕತ್ತರಿಸಿದ ಜೋಳದ ಕಣಕಿಯನ್ನೋ ಶೇಂಗಾ ಹೊಟ್ಟನ್ನೋ 3 ಇಂಚು ದಪ್ಪ ಹಾಸಿ, ಕಾಂಡದ ಸುತ್ತ ಮೂರು ಬೆರಳಷ್ಟು ಜಾಗ ಖಾಲಿ ಬಿಡಿ.