ಕೊನೆಯ ಸಾಲಿನಿಂದ ಬಲಿಪೀಠದವರೆಗೆ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಅಂಗಳವಿಲ್ಲ. ಬಹಮನಿ ದೊರೆ ಒಂದನೇ ಮುಹಮ್ಮದ್ ಶಾಹನ ಕಾಲದಲ್ಲಿ, 1367ರಲ್ಲಿ ಎದ್ದ ಈ ಕಟ್ಟಡ 216 ಅಡಿ ಉದ್ದ, 176 ಅಡಿ ಅಗಲವಿದೆ. ಅಷ್ಟೂ ಜಾಗ ಸೂರಿನಡಿಯಲ್ಲೇ ಇದೆ. ಬೇಸಿಗೆಯ ಮಧ್ಯಾಹ್ನ ಹೊರಗಿನ ನೆಲಕ್ಕೆ ಅಂಗಾಲು ಊರಲಾಗದಷ್ಟು ಕಾವಿರುವಾಗ ಒಳಗೆ ಹೋಗಿ ಕುಳಿತರೆ ಮೊದಲು ತಂಪು ಹತ್ತುತ್ತದೆ. ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಕಮಾನಿನ ಹಿಂದೆ ಕಮಾನು, ಕಂಬದ ಹಿಂದೆ ಕಂಬ ಕಾಣುತ್ತವೆ. ಹಿಂದಿನ ಮೂಲೆಯಲ್ಲಿ ಕುಳಿತವನಿಗೆ ಪಶ್ಚಿಮದ ಗೋಡೆಯ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರುವ ಗೂಡು, ಪೂರ್ತಿ ಕಾಣುವುದಿಲ್ಲ. ಕಾಣಬೇಕಾದ ಅಗತ್ಯವೂ ಇಲ್ಲ. ನಮಾಜಿಗೆ ಬೇಕಾದದ್ದು ದಿಕ್ಕು ಮತ್ತು ಪಕ್ಕದವನ ಭುಜ. ಹಾಗಾಗಿ ಸಾಲು ಸಾಲು ಕಂಬ ಹಾಕಿ ಸಣ್ಣ ಗುಮ್ಮಟಗಳನ್ನು ಹೊಂದಿಸಿ ಸೂರು ಕಟ್ಟಿದರು. ಆರೂವರೆ ಶತಮಾನ ಕಳೆದರೂ ಅದು ನಿಂತಿದೆ.

ದೇವರ ಮನೆಯಲ್ಲಿ ಜನ ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು ಎಂಬ ಈ ಪ್ರಶ್ನೆ ಇಪ್ಪತ್ತನೇ ಶತಮಾನದಲ್ಲಿ ಕಥೋಲಿಕ ಧರ್ಮಸಭೆಯನ್ನು ಬುಡಸಮೇತ ಅಲುಗಾಡಿಸಿತು. ಅದಕ್ಕೆ ಸಿಕ್ಕ ದೊಡ್ಡ ಉತ್ತರಗಳಲ್ಲೊಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿದೆ. ಆ ಕಟ್ಟಡದ ಕಥೆಯನ್ನು ಇಲ್ಲಿ ಕುಳಿತು ಹೇಳಲು ಕಾರಣ ಎರಡು. ಒಂದು, 2005ರಲ್ಲಿ ಕಲಬುರಗಿಯೂ ಒಂದು ಕಥೋಲಿಕ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಧರ್ಮಾಧ್ಯಕ್ಷ, ಅಂದರೆ ಬಿಷಪ್, ರಾಬರ್ಟ್ ಮಿರಾಂಡಾ ಅದರ ಮೊದಲ ಅಧಿಪತಿ. ಬೀದರ್ ಕಡೆಯವರಿಗೆ ಚರ್ಚೆಂದರೆ ಹೆಚ್ಚಾಗಿ ನೆನಪಾಗುವುದು ಮೆಥೋಡಿಸ್ಟ್ ಚರ್ಚು. ಪ್ರಧಾನಾಲಯ, ಅಂದರೆ ಕೆಥೆಡ್ರಲ್ ಎಂಬುದು ನಮಗೆ ಹೊಸ ಮಾತು. ಇನ್ನೊಂದು ಕಾರಣ ಬಸವಕಲ್ಯಾಣದಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಕೆಥೆಡ್ರಲ್ ಎಂದರೆ ದೊಡ್ಡ ಚರ್ಚು ಎಂದು ತಿಳಿದವರೇ ಹೆಚ್ಚು. ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಗ್ರೀಕ್ ಭಾಷೆಯಲ್ಲಿ ಕಥೆದ್ರಾ ಎಂದರೆ ಕುರ್ಚಿ. ಧರ್ಮಾಧ್ಯಕ್ಷರ ಪೀಠವಿರುವ ಗುಡಿಯೇ ಕೆಥೆಡ್ರಲ್. ಮಠಗಳ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೀಠ ಎಲ್ಲಿದೆಯೋ ಅಲ್ಲಿ ಅಧಿಕಾರವಿದೆ, ಅಲ್ಲಿಗೆ ಭಕ್ತರು ಬರುತ್ತಾರೆ.

ಲಿವರ್‌ಪೂಲ್‌ಗೆ ಬಂದ ಭಕ್ತರು ಹಸಿದು ಬಂದವರು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಬರಗಾಲ ಬಿತ್ತು. ಲಕ್ಷಾಂತರ ಜನ ಸಮುದ್ರ ದಾಟಿದರು. ಅವರಿಗೆ ಸಿಕ್ಕ ಮೊದಲ ದೊಡ್ಡ ಬಂದರು ಲಿವರ್‌ಪೂಲ್. ಅಮೆರಿಕಕ್ಕೆ ಹೋಗಲು ಹಣವಿಲ್ಲದವರು ಅಲ್ಲೇ ಉಳಿದು ಹಡಗುಕಟ್ಟೆಯಲ್ಲಿ ಕೂಲಿಯಾದರು. ಅವರಲ್ಲಿ ಬಹುಪಾಲು ಕಥೋಲಿಕರು. 1850ರಲ್ಲಿ ಅಲ್ಲಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು, 1853ರಲ್ಲಿ ಎಡ್ವರ್ಡ್ ವೆಲ್ಬಿ ಪ್ಯೂಜಿನ್ ಎಂಬ ವಾಸ್ತುಶಿಲ್ಪಿಗೆ ಪ್ರಧಾನಾಲಯದ ಕೆಲಸ ಒಪ್ಪಿಸಿದರು. ಮಾತೆ ಮರಿಯಳ ಹೆಸರಿನ ಒಂದು ಪಕ್ಕದ ಗುಡಿ ಮಾತ್ರ ಎದ್ದಿತು. ಉಳಿದ ಹಣ ಶಾಲೆಗಳಿಗೆ, ಅನಾಥಾಲಯಗಳಿಗೆ, ಬಡ ಕೇರಿಗಳ ಸಣ್ಣ ಚರ್ಚುಗಳಿಗೆ ಹೋಯಿತು. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರಿನಲ್ಲಿ ಈ ನಿರ್ಧಾರವನ್ನು ಯಾರೂ ತಪ್ಪೆನ್ನಲಾರರು.

ಮುಂದಿನ ಪ್ರಯತ್ನ 1930ರಲ್ಲಿ ಶುರುವಾಯಿತು. ಬ್ರೌನ್ಲೋ ಹಿಲ್ ಎಂಬ ದಿಬ್ಬದ ಮೇಲೆ ದಿಕ್ಕಿಲ್ಲದ ಬಡವರನ್ನು ಇರಿಸಿ ದುಡಿಸಿಕೊಳ್ಳುತ್ತಿದ್ದ ದೊಡ್ಡ ಸರ್ಕಾರಿ ಬಡವರ ಮನೆಯೊಂದಿತ್ತು. ಆ ಜಾಗವನ್ನೇ ಧರ್ಮಪ್ರಾಂತ್ಯ ಕೊಂಡಿತು. ತಮ್ಮ ಅಜ್ಜ ಅಜ್ಜಿಯರು ಅನ್ನಕ್ಕಾಗಿ ಕೈಯೊಡ್ಡಿದ ನೆಲದಲ್ಲೇ ಪ್ರಧಾನಾಲಯ ಏಳಲಿ ಎಂದು ಕೂಲಿಕಾರರು ಪೆನ್ನಿ ಪೆನ್ನಿ ಕೂಡಿಸಿ ಕೊಟ್ಟರು. ಮಹಾಧರ್ಮಾಧ್ಯಕ್ಷ ಡೌನಿ ಅವರು ಕರೆಸಿದ ವಾಸ್ತುಶಿಲ್ಪಿಯ ಹೆಸರು ಭಾರತೀಯರಿಗೆ ಚೆನ್ನಾಗಿ ಗೊತ್ತು: ಎಡ್ವಿನ್ ಲುಟಿಯನ್ಸ್. ಹೊಸ ದೆಹಲಿಯ ವೈಸರಾಯ್ ಭವನ, ಇಂದಿನ ರಾಷ್ಟ್ರಪತಿ ಭವನವನ್ನು ಆಗಷ್ಟೇ ಮುಗಿಸುತ್ತಿದ್ದವರು ಅವರು.

ಲುಟಿಯನ್ಸ್ ಕಂಡ ಕನಸಿನ ಅಳತೆ ನಮಗೆ ಹತ್ತಿರದ ಹೋಲಿಕೆಯಿಂದ ತಿಳಿಯುತ್ತದೆ. ವಿಜಯಪುರದ ಗೋಳಗುಮ್ಮಟದ ಗುಮ್ಮಟ ಒಳಗಿನಿಂದ ಸುಮಾರು 124 ಅಡಿ ಅಗಲ. ರೋಮಿನ ಸಂತ ಪೇತ್ರರ ಮಹಾದೇವಾಲಯದ್ದು ಸುಮಾರು 137 ಅಡಿ. ಲುಟಿಯನ್ಸ್ ಬರೆದದ್ದು 168 ಅಡಿ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಗುಮ್ಮಟ ಹಡಗುಕಟ್ಟೆಯ ಕೂಲಿಗಳ ಊರಿನಲ್ಲಿ ಏಳಬೇಕಿತ್ತು. 1933ರಲ್ಲಿ ಶಂಕುಸ್ಥಾಪನೆಯಾಯಿತು. ನೆಲಮಾಳಿಗೆಯ ಕೆಲಸ ನಡೆಯುತ್ತಿರುವಾಗಲೇ ಎರಡನೇ ಮಹಾಯುದ್ಧ ಬಂತು, 1941ರಲ್ಲಿ ಕೆಲಸ ನಿಂತಿತು, 1944ರ ಜನವರಿ 1ರಂದು ಲುಟಿಯನ್ಸ್ ತೀರಿಕೊಂಡರು. ಮೊದಲು 30 ಲಕ್ಷ ಪೌಂಡ್ ಎಂದಿದ್ದ ಅಂದಾಜು ಯುದ್ಧದ ನಂತರ 2 ಕೋಟಿ 70 ಲಕ್ಷಕ್ಕೆ ಏರಿತ್ತು. 1958ರಲ್ಲಿ ನೆಲಮಾಳಿಗೆಯನ್ನು ಹೇಗೋ ಪೂರೈಸಿ ಉಳಿದದ್ದನ್ನು ಕೈಬಿಟ್ಟರು. ಆ ದೊಡ್ಡ ಕನಸಿನಿಂದ ಉಳಿದದ್ದು ಇಟ್ಟಿಗೆಯ ಕಮಾನುಗಳ ಆ ನೆಲಮಾಳಿಗೆ ಮತ್ತು ಮರದಲ್ಲಿ ಕೆತ್ತಿದ ಒಂದು ದೊಡ್ಡ ಮಾದರಿ. ಮಾದರಿ ಇಂದಿಗೂ ಲಿವರ್‌ಪೂಲ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಆ ಗುಮ್ಮಟ ಏಳಲಿಲ್ಲ ಎಂಬುದಕ್ಕೆ ನನಗೆ ದುಃಖವಿಲ್ಲ. ಎದ್ದಿದ್ದರೆ ಅದು ನೋಡುವವರ ಕಟ್ಟಡವಾಗುತ್ತಿತ್ತು. ಹಳೆಯ ಪ್ರಧಾನಾಲಯಗಳೆಲ್ಲ ಉದ್ದನೆಯ ಓಣಿಯಂತೆ ಇದ್ದವು. ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ಬಲಿಪೀಠ, ಅಂದರೆ ಪೂಜೆ ನಡೆಯುವ ಮೇಜು. ಗುರುಗಳು, ಅಂದರೆ ಪಾದ್ರಿಗಳು, ಜನರಿಗೆ ಬೆನ್ನು ಮಾಡಿ ಲ್ಯಾಟಿನ್ ಭಾಷೆಯಲ್ಲಿ ಬಲಿಪೂಜೆ ಎಂಬ ಮುಖ್ಯ ಆರಾಧನೆಯನ್ನು ಅರ್ಪಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತ ಮುದುಕಿಗೆ ಗುರುಗಳ ಬೆನ್ನು ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಅವಳು ಜಪಮಾಲೆ ಎಣಿಸುತ್ತಾ ಕುಳಿತಿರುತ್ತಿದ್ದಳು. ಯುರೋಪಿನ ಕೆಲವು ಗುರುಗಳು, ಮಠವಾಸಿಗಳು ಇದನ್ನು ಪ್ರಶ್ನಿಸಲು ಶುರುಮಾಡಿ ಆಗಲೇ ದಶಕಗಳು ಕಳೆದಿದ್ದವು. ಪೂಜೆ ಜನರದ್ದೂ ಹೌದಾದರೆ ಜನ ಯಾಕೆ ಅಷ್ಟು ದೂರ ಕುಳಿತಿದ್ದಾರೆ ಎಂಬುದು ಅವರ ಪ್ರಶ್ನೆ.

ಲಿವರ್‌ಪೂಲ್‌ನ ಮಹಾಧರ್ಮಾಧ್ಯಕ್ಷರಾಗಿ ಬಂದ ಜಾನ್ ಹೀನನ್ ಅವರು ಈ ಪ್ರಶ್ನೆಯನ್ನೇ ಒಂದು ಸ್ಪರ್ಧೆಯ ಷರತ್ತಾಗಿಸಿದರು. ಒಳಗೆ ಸೇರಿದ ಎರಡು ಸಾವಿರ ಜನರಲ್ಲಿ ಪ್ರತಿಯೊಬ್ಬರಿಗೂ ಬಲಿಪೀಠ ಕಾಣಬೇಕು. ಲುಟಿಯನ್ಸರ ನೆಲಮಾಳಿಗೆ ಹೊಸ ಕಟ್ಟಡದ ಭಾಗವಾಗಬೇಕು. ಖರ್ಚು ಹತ್ತು ಲಕ್ಷ ಪೌಂಡಿನ ಆಸುಪಾಸಿನಲ್ಲಿ ಮುಗಿಯಬೇಕು, ಕೆಲಸ ಐದು ವರ್ಷದಲ್ಲಿ ಮುಗಿಯಬೇಕು. ಸುಮಾರು 300 ನಕ್ಷೆಗಳು ಬಂದವು. 1960ರಲ್ಲಿ ಗೆದ್ದವರು ಫ್ರೆಡರಿಕ್ ಗಿಬರ್ಡ್. ಅವರು ಹಾರ್ಲೋ ಎಂಬ ಹೊಸ ಪಟ್ಟಣವನ್ನೂ ಹೀಥ್ರೂ ವಿಮಾನ ನಿಲ್ದಾಣದ ಮೊದಲ ಕಟ್ಟಡಗಳನ್ನೂ ರೂಪಿಸಿದವರು.

ಗಿಬರ್ಡ್ ಓಣಿಯನ್ನು ಅಳಿಸಿ ವೃತ್ತ ಎಳೆದರು. ಬಲಿಪೀಠ ನಟ್ಟನಡುವೆ, ಜನ ಅದರ ಸುತ್ತ. ಪೀಠ ಮ್ಯಾಸಿಡೋನಿಯಾದ ಸ್ಕೋಪ್ಯೆಯಿಂದ ತಂದ, ಹತ್ತು ಅಡಿ ಉದ್ದದ ಬಿಳಿ ಅಮೃತಶಿಲೆಯ ಒಂದೇ ಬಂಡೆ. ವೃತ್ತದ ಅಡ್ಡಳತೆ 194 ಅಡಿ, ಅಂದರೆ ಸುಮಾರು 59 ಮೀಟರ್. ಗೋಡೆಗೆ ಬೆನ್ನು ತಾಗಿಸಿ ನಿಂತವನಿಗೂ ನಡುವಿನ ಪೀಠ 30 ಮೀಟರ್ ಒಳಗೇ ಇರುತ್ತದೆ. ನಮ್ಮ ಮಸೀದಿಯ ಕಂಬಗಳು ನಮಾಜಿಗೆ ಅಡ್ಡಿಯಲ್ಲ, ಇಲ್ಲಿ ಒಂದು ಕಂಬ ಬಂದರೂ ಯಾರದೋ ಕಣ್ಣಿಗೆ ಅಡ್ಡ. ಆದ್ದರಿಂದ ಭಾರವನ್ನೆಲ್ಲ ಹೊರಕ್ಕೆ ಸಾಗಿಸಬೇಕಾಯಿತು. ಮೊಣಕೈಯಂತೆ ಬಾಗಿದ 16 ಕಾಂಕ್ರೀಟ್ ಚೌಕಟ್ಟುಗಳು ಸುತ್ತ ನಿಂತು ಒಳಕ್ಕೆ ಓರೆಯಾಗಿ ಮೇಲೇರುತ್ತವೆ. ಕಾಂಕ್ರೀಟಿನ ಬಳೆಗಳು ಅವನ್ನು ಬಿಗಿದು ಹಿಡಿದಿವೆ. ಅವುಗಳ ತಲೆಯ ಮೇಲೆ ಸುಮಾರು ಎರಡು ಸಾವಿರ ಟನ್ ತೂಕದ ಗಾಜಿನ ಗೋಪುರ ಕುಳಿತಿದೆ.

ಆ ಗೋಪುರವೇ ಈ ಕಟ್ಟಡದ ಜೀವ. ಚಿತ್ರಕಾರ ಜಾನ್ ಪೈಪರ್ ಮತ್ತು ಗಾಜಿನ ಕುಶಲಕರ್ಮಿ ಪ್ಯಾಟ್ರಿಕ್ ರೆಯಿಂಟಿಯನ್ಸ್ ಸೇರಿ ಮಾಡಿದ ಕೆಲಸ ಅದು. ಹಳೆಯ ಚರ್ಚುಗಳಲ್ಲಿ ಬಣ್ಣದ ಗಾಜಿನ ತೆಳು ಚೂರುಗಳನ್ನು ಸೀಸದ ಪಟ್ಟಿಯಿಂದ ಕೂಡಿಸುತ್ತಿದ್ದರು. ಇಲ್ಲಿ ಒಂದು ಅಂಗುಲ ದಪ್ಪದ ಗಾಜಿನ ತುಂಡುಗಳನ್ನು ಎಪಾಕ್ಸಿ ಅಂಟಿನಿಂದ ಬೆಸೆದು ಕಾಂಕ್ರೀಟಿನ ಪಟ್ಟಿಗಳ ನಡುವೆ ಕೂರಿಸಿದರು. ಹಳದಿ, ನೀಲಿ, ಕೆಂಪು ಒಂದರೊಳಗೊಂದು ಕರಗುತ್ತವೆ, ನಡುನಡುವೆ ಮೂರು ಕಡೆ ಬಿಳಿ ಬೆಳಕು ಒಡೆದು ಬರುತ್ತದೆ. ಅದು ಪಿತ, ಸುತ, ಪವಿತ್ರಾತ್ಮರ ಸಂಕೇತ. ಚಿತ್ರದಲ್ಲಿ ಸಂತರಿಲ್ಲ, ಕಥೆಗಳಿಲ್ಲ. ಹೊತ್ತು ಸರಿದಂತೆ ಗೋಪುರದ ಬಣ್ಣ ನೆಲದ ಮೇಲೆ ಸರಿಯುತ್ತದೆ, ಕುಳಿತವರ ತೋಳು, ತಲೆಗಳ ಮೇಲೆ ಹಾದು ಹೋಗುತ್ತದೆ.

1962ರ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಅದೇ ತಿಂಗಳು ರೋಮಿನಲ್ಲಿ ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರ ಸಭೆ, ಎರಡನೇ ವ್ಯಾಟಿಕನ್ ಮಹಾಸಭೆ ಸೇರಿತು. ಕಾಕತಾಳೀಯ ನಿಜ, ಆದರೆ ಎರಡೂ ಕಡೆ ಕೇಳುತ್ತಿದ್ದುದು ಒಂದೇ ಪ್ರಶ್ನೆ. 1963ರ ಡಿಸೆಂಬರ್ 4ರಂದು ಮಹಾಸಭೆ ದೈವಾರಾಧನೆಯ ಕುರಿತ ತನ್ನ ಶಾಸನವನ್ನು ಪ್ರಕಟಿಸಿತು: ಜನ ಪೂಜೆಯಲ್ಲಿ ಪೂರ್ಣವಾಗಿ, ತಿಳಿದು, ಚುರುಕಾಗಿ ಪಾಲ್ಗೊಳ್ಳಬೇಕು, ಜನರ ಭಾಷೆಗೆ ಜಾಗ ಸಿಗಬೇಕು. ಗುರುಗಳು ಜನರತ್ತ ತಿರುಗಿದರು. ಕರ್ನಾಟಕದ ಚರ್ಚುಗಳಲ್ಲಿ ಬಲಿಪೂಜೆ ಕನ್ನಡಕ್ಕೆ ಬಂದದ್ದು ಈ ತಿರುವಿನಿಂದಲೇ. ನಮ್ಮ ಭಾಗದ ಹಳ್ಳಿಯ ಚಿಕ್ಕ ಚರ್ಚಿನಲ್ಲಿ ಚಾಪೆಯ ಮೇಲೆ ಕುಳಿತ ಹೆಂಗಸು ಪರಲೋಕ ಮಂತ್ರವನ್ನು ಕನ್ನಡದಲ್ಲಿ ಹೇಳುವುದಕ್ಕೂ ಲಿವರ್‌ಪೂಲ್‌ನ ವೃತ್ತಕ್ಕೂ ಬೇರು ಒಂದೇ.

1967ರ ಮೇ 14, ಪೆಂತೆಕೋಸ್ತ ಹಬ್ಬದಂದು ಕಟ್ಟಡ ಕ್ರಿಸ್ತ ಅರಸರಿಗೆ ಅರ್ಪಿತವಾಯಿತು. ಊರ ಜನ ಪ್ರೀತಿಯಿಂದ ಅದಕ್ಕೆ ಐರಿಷರ ಡೇರೆ ಎಂದೂ, ಮರ್ಸಿ ನದಿಯ ಲಾಳಿಕೆ ಎಂದೂ ಅಡ್ಡಹೆಸರಿಟ್ಟರು. ತಲೆಕೆಳಗಾಗಿ ಇಟ್ಟ ಲಾಳಿಕೆಯಂತೆಯೇ ಅದು ಕಾಣುತ್ತದೆ. ಹೋಪ್ ಸ್ಟ್ರೀಟ್ ಎಂಬ ಬೀದಿಯ ಇನ್ನೊಂದು ತುದಿಯಲ್ಲಿ ಕಥೋಲಿಕರಿಂದ ಬೇರೆಯಾದ ಇಂಗ್ಲೆಂಡಿನ ಚರ್ಚಿನವರ, ಅಂದರೆ ಆಂಗ್ಲಿಕನ್ನರ ಭಾರೀ ಕೆಥೆಡ್ರಲ್ ಇದೆ. ಅದರ ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಕಥೋಲಿಕರು. ಕಥೋಲಿಕರಿಗಾಗಿ ಗುಮ್ಮಟ ಬರೆದ ಲುಟಿಯನ್ಸ್ ಕಥೋಲಿಕರಲ್ಲ. ದರ್ಗಾಕ್ಕೂ ಮಠಕ್ಕೂ ಒಂದೇ ಮನೆಯವರು ನಡೆದುಕೊಳ್ಳುವ ಊರಿನವನಾದ ನನಗೆ ಈ ಸಂಗತಿ ಬಹಳ ಇಷ್ಟ.

ಆದರೆ ಸೂರು ಸೋರಿತು. ಕಡಿಮೆ ಹಣ, ಕಡಿಮೆ ಸಮಯ, ಇನ್ನೂ ಪಳಗದ ವಸ್ತುಗಳು. ಅಲ್ಯುಮಿನಿಯಂ ಹೊದಿಕೆಯ ಸಂದಿಗಳಲ್ಲಿ ಮಳೆನೀರು ಇಳಿಯಿತು. ಕಾಂಕ್ರೀಟ್ ಚೌಕಟ್ಟುಗಳ ಮೇಲೆ ಅಂಟಿಸಿದ್ದ ಸಣ್ಣ ಮೊಸಾಯಿಕ್ ಬಿಲ್ಲೆಗಳು ಕಳಚತೊಡಗಿದವು. ಧರ್ಮಪ್ರಾಂತ್ಯ ವಾಸ್ತುಶಿಲ್ಪಿಯ ಮೇಲೆಯೇ 13 ಲಕ್ಷ ಪೌಂಡಿನ ದಾವೆ ಹೂಡಿತು. ಮುಂದೆ ದುರಸ್ತಿ ನಡೆದು ಅಲ್ಯುಮಿನಿಯಂ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂತು. ಬಿಲ್ಲೆಗಳ ಜಾಗಕ್ಕೆ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಹೊದಿಕೆ ಬಂದು ಚೌಕಟ್ಟುಗಳು ಮೊದಲಿಗಿಂತ ದಪ್ಪಗಾದವು. ಹೊರಗಿನ ಜಗಲಿಯ ಸ್ಲೇಟು ಹಾಸುಗಲ್ಲನ್ನು ತೆಗೆದು ಕಾಂಕ್ರೀಟ್ ಬಿಲ್ಲೆ ಹಾಕಿದರು. ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಬೆಳೆದವರಿಗೆ ಈ ಕೊನೆಯ ಬದಲಾವಣೆ ಒಂದಿಷ್ಟು ನೋವು ತರುತ್ತದೆ. ಹೊಸ ಬಗೆಯಲ್ಲಿ ಕಟ್ಟಬಾರದು ಎಂಬುದಕ್ಕೆ ಈ ಸೋರಿಕೆಯನ್ನು ಸಾಕ್ಷಿ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನರನ್ನು ಸುತ್ತ ಕೂರಿಸಿದ್ದು ತಪ್ಪಲ್ಲ, ಸಂದಿಗಳನ್ನು ಮುಚ್ಚಿದ ರೀತಿ ತಪ್ಪು.

ಗಿಬರ್ಡ್ ಒಬ್ಬರೇ ಈ ಹಾದಿ ತುಳಿದವರಲ್ಲ. 1964ರಲ್ಲಿ ಟೋಕಿಯೋದಲ್ಲಿ ಕೆಂಜೊ ತಾಂಗೆ ಶಿಲುಬೆಯಾಕಾರದ ಪ್ರಧಾನಾಲಯಕ್ಕೆ ಬಾಗಿದ ಕಾಂಕ್ರೀಟ್ ಗೋಡೆಗಳನ್ನು ಎಬ್ಬಿಸಿ ಮೇಲೆ ಸ್ಟೀಲು ಹೊದಿಸಿದರು. 1970ರಲ್ಲಿ ಬ್ರೆಜಿಲ್ ರಾಜಧಾನಿಯಲ್ಲಿ ಆಸ್ಕರ್ ನಿಮೆಯರ್ ರೂಪಿಸಿದ ಪ್ರಧಾನಾಲಯ ಪ್ರತಿಷ್ಠಾಪನೆಯಾಯಿತು. ಅಲ್ಲಿಯೂ ವೃತ್ತ, ಅಲ್ಲಿಯೂ ಸುತ್ತ ಬಾಗಿ ನಿಂತ 16 ಕಂಬ. ಕತ್ತಲೆಯ ಸುರಂಗದಲ್ಲಿ ಇಳಿದು ಹೋದವರು ಒಮ್ಮೆಗೇ ಬೆಳಕಿನೊಳಗೆ ತಲುಪುತ್ತಾರೆ.

ಇನ್ನು ಬಸವಕಲ್ಯಾಣ. ಅಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಲ್ಯಾಣ ಚಾಲುಕ್ಯರ ಶೈಲಿ, 182 ಅಡಿ ಎತ್ತರ, 770 ಅಮರಗಣಂಗಳ ನೆನಪಿಗೆ 770 ಕಂಬಗಳು ಎಂದು ಯೋಜನೆ ಪ್ರಕಟವಾಯಿತು. ಎತ್ತರದ ಬಗ್ಗೆ, ಖರ್ಚಿನ ಬಗ್ಗೆ, ಕಂಬಗಳ ಎಣಿಕೆಯ ಬಗ್ಗೆ ಬಹಳ ಮಾತಾಯಿತು. ಒಳಗೆ ಕೂರುವವರ ಬಗ್ಗೆ ಅಷ್ಟು ಮಾತು ನನ್ನ ಕಿವಿಗೆ ಬೀಳಲಿಲ್ಲ. ಅನುಭವ ಮಂಟಪವೆಂದರೆ ಕೂಡಿ ಕುಳಿತು ಮಾತಾಡಿದ ಜಾಗ. ಶೂನ್ಯಪೀಠದ ಮೇಲೆ ಅಲ್ಲಮಪ್ರಭು, ಎದುರಿಗೆ ಅಂಬಿಗ, ಮಡಿವಾಳ, ಸೂಳೆ ಸಂಕವ್ವ, ಮೋಳಿಗೆಯ ಮಾರಯ್ಯ. ಕಟ್ಟಿಗೆ ಹೊರೆ ಇಳಿಸಿ ತಡವಾಗಿ ಬಂದ ಮಾರಯ್ಯನಿಗೆ ಸಿಗುವುದು ಕೊನೆಯ ಸಾಲೇ. 770 ಕಂಬಗಳ ನಡುವಿನ ಆ ಕೊನೆಯ ಸಾಲಿನಿಂದ ಪೀಠ ಕಾಣುತ್ತದೆಯೇ, ಮಾತು ಕೇಳುತ್ತದೆಯೇ, ಅಲ್ಲಿಂದಲೇ ಎದ್ದುನಿಂತು ಪ್ರಶ್ನೆ ಕೇಳಿದರೆ ಎಲ್ಲರಿಗೂ ಕೇಳಿಸುತ್ತದೆಯೇ ಎಂಬುದನ್ನು ತೋರಿಸುವ ಒಂದು ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ತೂಗುಹಾಕಬೇಕು. ಹೋಗಿ ಬರುವವರು ಅದರ ಮುಂದೆ ನಿಂತು ತಮ್ಮ ಜಾಗ ಹುಡುಕಲಿ.